ಅರ್ಧ ಅಗಲ

ಡಿಸೆಂಬರ್ ಇಪ್ಪತ್ತೆಂಟು. ಹೊರಗೆ ಸೊನ್ನೆಗಿಂತ ಹದಿನಾರು ಕೆಳಗೆ.
ಉತ್ತರ ಡಕೋಟದ ಟೋರ್ನೆ ಊರಿನ ಅಗ್ನಿಶಾಮಕ ಶೆಡ್ಡಿನಲ್ಲಿ
ಮಡಚುವ ಮೇಜಿನ ತುಂಬ ಮೂವತ್ತೊಂಬತ್ತು ರೇಡಿಯೊ,
ಬೆನ್ನಿಗೆ ಟೇಪು, ಟೇಪಿನ ಮೇಲೆ ಹೆಸರು.
ಒಂದರ ಸಂದಿಯಲ್ಲಿ ಗೋಧಿಯ ಹೊಟ್ಟು.
ಒಂದಕ್ಕೆ ಯಾವ ಮಗು ಅಂಟಿಸಿತ್ತೋ,
ತಲೆ ಕಿತ್ತುಹೋದ ಕುದುರೆಯ ಸ್ಟಿಕ್ಕರು.

ನನ್ನ ಕೆಲಸ ಇಷ್ಟೇ: ಕೇಬಲ್ಲು ಚುಚ್ಚು, ಓದಿಸು,
ಇಪ್ಪತ್ತೈದು ಇದ್ದಲ್ಲಿ ಹನ್ನೆರಡೂವರೆ ಬರೆ, ಮತ್ತೆ ತುಂಬು.
ಜನವರಿ ಒಂದರಿಂದ
ಎಲ್ಲರ ದನಿಯೂ ಅರ್ಧ ಅಗಲದಲ್ಲೇ ನಡೆಯತಕ್ಕದ್ದು.
ಗಾಳಿಯಲ್ಲೂ ಬದು ಸರಿಸಿದ್ದಾರೆ.
ಉಳಿದರ್ಧ ಯಾರ ಪಾಲಿಗೋ.

"ಇಲ್ಲಿ ಯಾರಿದ್ದಾರಮ್ಮ ಪಾಲು ಕೇಳೋಕೆ?"
ಹಾಲ್ವರ್ ಬಾಗಿಲು ತೆರೆದು ಬಯಲು ತೋರಿಸಿದ:
ಬಿಳುಪು, ಒಂದು ಕಣಜದ ಗೋಪುರ, ಮತ್ತೆ ಬಿಳುಪು.
ನನ್ನಲ್ಲಿ ಉತ್ತರವಿರಲಿಲ್ಲ. ಕಾಫಿ ಇತ್ತು, ಕುಡಿದೆ.

ನಾಲ್ಕು ರೇಡಿಯೊ ಜಪ್ಪಯ್ಯ ಅನ್ನಲಿಲ್ಲ.
ಅವು ಕಿರಿದಾಗಲು ಕಲಿಯದ ಕಾಲದವು.
ಹಾಲ್ವರ್ ಅದರಲ್ಲೊಂದನ್ನು ಎತ್ತಿಕೊಂಡ, ಇಟ್ಟಿಗೆಯಷ್ಟು ಭಾರದ್ದು,
ಎಲಿವೇಟರಿಗೆ ಬೆಂಕಿ ಬಿದ್ದ ರಾತ್ರಿ
ಅವನ ಕೈಯಲ್ಲಿದ್ದದ್ದು ಇದೇ ಅಂತೆ.
"ಮಾತಾಡಿದರೆ ದಂಡ," ಅಂದೆ.
"ಕೇಳಿದರೆ?"
ಕೇಳಿಸಿಕೊಳ್ಳುವವರನ್ನು ಯಾವ ಕಾನೂನೂ ಅಳೆದಿಲ್ಲ.
ಅವನು ಜೇಬಿನ ಚಾಕು ತೆಗೆದು
ಮೈಕಿನ ತಂತಿಯನ್ನು ಕಚಕ್ಕನೆ ಕತ್ತರಿಸಿದ,
ಹೊಕ್ಕುಳಬಳ್ಳಿ ಕತ್ತರಿಸಿ ಅಭ್ಯಾಸವಿದ್ದ ಕೈ.

ನಾಲ್ಕು ಗಂಟೆಗೆ ಹಾಜರಿ.
ವರ್ಡೆಲ್ ಸ್ಕೋಗನ್, ಮೂವತ್ತೊಂದು ವರ್ಷದಿಂದ
ಈ ಕೌಂಟಿಯ ಕರೆಗಂಟೆ, ಕುರ್ಚಿ ಎಳೆದು ಕೂತಳು.
ಅಂಬುಲೆನ್ಸ್ ಒಂದು: ಇದೆ.
ಶಾಲೆಯ ಬಸ್ಸು, ಮೂರೂ: ಇವೆ.
ಷೆರಿಫರ ಗಾಡಿ: ಇದೆ, ಆದರೆ ಬಾವಿಯಿಂದ.
"ಅವರು ಬಾವಿಯಲ್ಲಿಲ್ಲ," ನಾನೆಂದೆ, "ನಿಮ್ಮ ಸ್ಪೀಕರು ತಿರುಗಿಸಿ."
ತಿರುಗಿಸಿದಳು. ಮತ್ತೂ ತಿರುಗಿಸಿದಳು.
ಕಿವಿಯ ಯಂತ್ರವನ್ನೂ ಒಂದು ಸುತ್ತು.

ಹಿಮನೇಗಿಲು ಏಳು?

ಬಂತು, ಗೋಣಿತಾಟು ಹರಿದಂತೆ ಒಂದು ಸದ್ದು.
ಮಾತಿಲ್ಲ, ಅಕ್ಷರವಿಲ್ಲ, ಬರೀ ಅಂಚುಗಳು.
ಯಾರೆಂದು ನಾನು ಪಟ್ಟಿ ನೋಡುವ ಮೊದಲೇ ವರ್ಡೆಲ್:
"ಲೈಲ್ ಕ್ನುಡ್ಸನ್. ಮಾತಿಗೆ ಮುಂಚೆ ಕೆಮ್ಮುತ್ತಾನೆ."
ಗುಂಡಿ ಒತ್ತಿ, ಮಗುವಿಗೆ ಹೇಳುವ ಹಾಗೆ:
"ಲೈಲ್, ನಿನ್ನ ಮಾತು ಬಾಗಿಲಲ್ಲಿ ಹಿಡಿಸ್ತಾ ಇಲ್ಲ.
ಇದ್ದಲ್ಲೇ ಇರು. ಹುಡುಗಿ ಬರ್ತಾಳೆ."

ಮೂರು ದಿನದ ಬಿರುಗಾಳಿ; ರಸ್ತೆ ಬಿಟ್ಟು ಇಳಿದಿರಲಿಲ್ಲ ಅವನು,
ಶೆಡ್ಡಿಗೆ ಬರುವುದೆಲ್ಲಿಂದ.
ಬೀಟ್‌ರೂಟ್ ಕಾರ್ಖಾನೆಯ ತಿರುವಿನಲ್ಲಿ ಲಾರಿ,
ಕ್ಯಾಬಿನ್ನಿನಲ್ಲಿ ಡೀಸೆಲ್ಲು, ಒದ್ದೆ ಕೈಗವುಸು,
ಡ್ಯಾಶಿನ ಮೇಲೆ ಸೂರ್ಯಕಾಂತಿ ಸಿಪ್ಪೆಯ ಗುಡ್ಡೆ.
ನನ್ನ ಬೆರಳು ಮರಗಟ್ಟಿ ಕೇಬಲ್ಲು ಎರಡು ಸಲ ಜಾರಿತು.
ಪರದೆಯ ಮೇಲೆ ಪಟ್ಟಿ ತೆವಳುವಷ್ಟು ಹೊತ್ತು
ಲೈಲ್ ಮಾತಾಡಲಿಲ್ಲ, ಕೊನೆಗೆ ಕೇಳಿದ:
"ಆಮೇಲೆ ವರ್ಡೆಲ್‌ಗೆ ನಾನು ನಾನೇ ಅಂತ ಗೊತ್ತಾಗುತ್ತಾ?"

ಕೆಮ್ಮಿದರೆ ಗೊತ್ತಾಗುತ್ತೆ, ಅಂದೆ.
ನಗಲಿಲ್ಲ. ಒಂದು ಹಿಡಿ ಬೀಜ ಕೊಟ್ಟ.

ವಾಪಸ್ಸು ಬಂದಾಗ ವರ್ಡೆಲ್ ಒಬ್ಬಳೇ, ಗುಂಡಿ ಒತ್ತದೆಯೇ,
ಬಾಯಿಗೂ ಮೈಕಿಗೂ ನಡುವೆ ಎರಡು ಬೆರಳಿಟ್ಟು
ತನ್ನ ಹೆಸರನ್ನೇ ಹೇಳಿಕೊಳ್ಳುತ್ತಿದ್ದಳು,
ಜೋರಾಗಿ, ಆಮೇಲೆ ಸ್ವಲ್ಪ ಕಡಿಮೆ ಜೋರಾಗಿ.
ಅಷ್ಟು ವರ್ಷ ಮೈಕಿಗೆ ಮುತ್ತಿಡುವಷ್ಟು ಹತ್ತಿರ ಕೂಗಿದವಳು.
ನಾನು ಬೂಟು ಒದರಿದೆ, ಕೆಮ್ಮಿದೆ.
ತಕ್ಷಣ ಹವಾಮಾನ ಓದಲು ಶುರುಮಾಡಿದಳು.

ಫೆಬ್ರವರಿಯಲ್ಲಿ ಹಾಲ್ವರ್ ಫೋನು ಮಾಡಿದ, ಬಿಲ್ಲಿನ ವಿಷಯಕ್ಕೆ.
ಮೂಗ ಪೆಟ್ಟಿಗೆ ಕೊಟ್ಟಿಗೆಯ ಹಲಗೆ ಮೇಲಿದೆಯಂತೆ,
ಪೂರ್ತಿ ತಿರುಗಿಸಿದರೂ ವರ್ಡೆಲ್
ಹಿಮದಡಿಯಿಂದ ಮಾತಾಡಿದ ಹಾಗೆ.
ಮೊದಲು ಆ ರೇಡಿಯೊ ಗದರಿದರೂ
ಮೇವಿನಿಂದ ತಲೆಯೆತ್ತದಿದ್ದ ಹಸುಗಳು
ಈಗ ಅವಳು ಬಾಯಿಬಿಟ್ಟರೆ ಸಾಕು,
ಮೆಲುಕು ನಿಲ್ಲಿಸಿ
ಕಿವಿ ತಿರುಗಿಸುತ್ತವಂತೆ.